ಟೆಕ್ಸಸ್ ಲೈಸೆನ್ಸ್ ಹಿಡಿದು ನ್ಯೂಜೆರ್ಸಿಗೆ ಪಿಸ್ತೂಲು ಒಯ್ಯಬಹುದಾ?

ಪ್ರಶ್ನೆ: ನಾನು ಡಲ್ಲಾಸ್ ಹತ್ತಿರದ ಪ್ಲೇನೊದಲ್ಲಿದ್ದೇನೆ. ಊರು ಹಾಸನ. ಗ್ರೀನ್ ಕಾರ್ಡ್ ಬಂದು ಮೂರು ವರ್ಷವಾಯಿತು. ಹೋದ ವರ್ಷ ಒಂದು ಪಿಸ್ತೂಲು ಕೊಂಡೆ, ಟೆಕ್ಸಸ್‌ನ ಹ್ಯಾಂಡ್‌ಗನ್ ಲೈಸೆನ್ಸೂ ಇದೆ. ಮುಂದಿನ ತಿಂಗಳು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಅಕ್ಕನ ಮನೆ ಗೃಹಪ್ರವೇಶ. ನಮ್ಮ ಮಿನಿವ್ಯಾನ್‌ನಲ್ಲೇ ಹೊರಟಿದ್ದೇವೆ. ನಾನು, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಬಾಮೈದ. ಅವನು ಎಚ್‌1ಬಿಯಲ್ಲಿದ್ದಾನೆ, ದಾರಿಯಲ್ಲಿ ಅವನೂ ಗಾಡಿ ಓಡಿಸುತ್ತಾನೆ. ರಾತ್ರಿ ಪ್ರಯಾಣ, ಗೊತ್ತಿಲ್ಲದ ಊರಿನ ಮೋಟೆಲ್‌ಗಳು. ಪಿಸ್ತೂಲನ್ನು ಶರ್ಟಿನ ಕೆಳಗೆ ಸೊಂಟದಲ್ಲಿಟ್ಟುಕೊಂಡು ಹೋಗಬಹುದಾ? "ಲಾಕ್ ಮಾಡಿ ಹಿಂದೆ ಇಟ್ಟರೆ ಯಾವ ರಾಜ್ಯಕ್ಕಾದರೂ ಒಯ್ಯಬಹುದು, ಅದಕ್ಕೆ ಫೆಡರಲ್ ಕಾನೂನೇ ಇದೆ" ಅಂತ ಸ್ನೇಹಿತರೊಬ್ಬರು ಹೇಳಿದರು. ನಿಜಾನಾ?

ಉತ್ತರ: ಒಯ್ಯಬೇಡಿ. ಸೊಂಟದಲ್ಲೂ ಬೇಡ, ಹಿಂದೆ ಲಾಕ್ ಮಾಡಿಯೂ ಬೇಡ. ಈ ಪ್ರಯಾಣಕ್ಕೆ ಪಿಸ್ತೂಲು ಪ್ಲೇನೊದ ಮನೆಯಲ್ಲೇ ಇರಲಿ. ನಿಮ್ಮ ಸ್ನೇಹಿತರು ಹೇಳಿದ ಫೆಡರಲ್ ಕಾನೂನು, ಅಂದರೆ ಇಡೀ ದೇಶಕ್ಕೆ ಸಲ್ಲುವ ಕೇಂದ್ರದ ಕಾನೂನು, ಇರುವುದು ನಿಜ. ಆದರೆ ನಿಮ್ಮ ಪ್ರಯಾಣಕ್ಕೆ ಅದು ಅನ್ವಯಿಸುವುದಿಲ್ಲ. ಕಾರಣ ಸ್ವಲ್ಪ ಉದ್ದವಿದೆ, ಪೂರ್ತಿ ಓದಿ. ನಿಮ್ಮ ಮನೆಯಲ್ಲಿ ಒಬ್ಬೊಬ್ಬರ ವೀಸಾ ಒಂದೊಂದು ಥರ ಇರುವುದರಿಂದ ಇದು ಬರೀ ಗನ್ನಿನ ಪ್ರಶ್ನೆಯಾಗಿ ಉಳಿದಿಲ್ಲ.

ಗನ್ ಕಂಡರೆ ಆಗದವನು ಹೀಗೆ ಹೇಳುತ್ತಿದ್ದಾನೆ ಅಂದುಕೊಳ್ಳಬೇಡಿ. ನಾನು ಹುಟ್ಟಿದ್ದು ಕೊಡಗಿನಲ್ಲಿ. ಕೈಲ್‌ಪೊಳ್ದ್ ದಿನ ದೇವರ ಮುಂದೆ ಕೋವಿ ಇಟ್ಟು ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುವ ಮನೆಯಲ್ಲಿ ಬೆಳೆದೆ. ಟೆಕ್ಸಸ್‌ನಲ್ಲಿ ಹದಿನಾಲ್ಕು ವರ್ಷದಿಂದ ಲೈಸೆನ್ಸ್ ತರಗತಿ ನಡೆಸುತ್ತಿದ್ದೇನೆ. ನಮ್ಮವರು ಅಂದರೆ ಕನ್ನಡದವರು, ತೆಲುಗಿನವರು ಜಾಸ್ತಿ ಜನ ಬರುತ್ತಾರೆ. ಎಲ್ಲರೂ ಕಡೆಗೆ ಕೇಳುವುದು ನೀವು ಕೇಳಿದ್ದನ್ನೇ.

ಮೊದಲು ನಿಮ್ಮ ಹ್ಯಾಂಡ್‌ಗನ್ ಲೈಸೆನ್ಸಿನ ಆ ಪ್ಲಾಸ್ಟಿಕ್ ಕಾರ್ಡಿನ ವಿಷಯ. ನೋಡಲು ಡ್ರೈವಿಂಗ್ ಲೈಸೆನ್ಸ್ ಥರವೇ ಇದೆ. ಪರ್ಸಿನಲ್ಲಿ ಎರಡೂ ಒಂದರ ಹಿಂದೆ ಒಂದು ಕೂತಿರುತ್ತವೆ. ಟೆಕ್ಸಸ್ ಡ್ರೈವಿಂಗ್ ಲೈಸೆನ್ಸಿನಲ್ಲಿ ನ್ಯೂಜೆರ್ಸಿಯಲ್ಲಿ ಗಾಡಿ ಓಡಿಸಬಹುದು, ಹಾಗೇ ಇದೂ ನಡೆಯಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ನಡೆಯುವುದಿಲ್ಲ. ಒಂದು ರಾಜ್ಯ ಕೊಟ್ಟ ಗನ್ ಪರ್ಮಿಟನ್ನು ಇನ್ನೊಂದು ರಾಜ್ಯ ಒಪ್ಪಲೇಬೇಕು ಅನ್ನುವ ಕಾನೂನು ಅಮೆರಿಕದಲ್ಲಿ ಇಲ್ಲ. ಒಪ್ಪುವುದು ಬಿಡುವುದು ಆಯಾ ರಾಜ್ಯಕ್ಕೆ ಬಿಟ್ಟಿದ್ದು. ಇದಕ್ಕೆ ಇಲ್ಲಿ ರೆಸಿಪ್ರಾಸಿಟಿ ಅನ್ನುತ್ತಾರೆ. ಊರಲ್ಲಿ ಬಂದೂಕಿನ ಲೈಸೆನ್ಸ್ ನೋಡಿದ್ದರೆ ನೆನಪಿರಬಹುದು. ಅದರಲ್ಲಿ ಯಾವ ಪ್ರದೇಶಕ್ಕೆ ಸಲ್ಲುತ್ತದೆ ಅಂತ ಬರೆದಿರುತ್ತದೆ, ಒಂದು ರಾಜ್ಯಕ್ಕೋ ಇಡೀ ಭಾರತಕ್ಕೋ ಅಂತ. ನಿಮ್ಮ ಟೆಕ್ಸಸ್ ಕಾರ್ಡಿನಲ್ಲಿ ಅಂಥ ಸಾಲು ಇಲ್ಲ. ಎಲ್ಲೆಲ್ಲಿ ನಡೆಯುತ್ತದೆ ಅಂತ ನೀವೇ ಹುಡುಕಿ ತಿಳಿದುಕೊಳ್ಳಬೇಕು.

ಈಗ ನಿಮ್ಮ ದಾರಿ ನೋಡೋಣ. ಪ್ಲೇನೊದಿಂದ ಎಡಿಸನ್‌ಗೆ ಸುಮಾರು 1,500 ಮೈಲಿ. ಲಿಟಲ್ ರಾಕ್, ಮೆಂಫಿಸ್, ನ್ಯಾಶ್‌ವಿಲ್, ನಾಕ್ಸ್‌ವಿಲ್ ದಾಟಿ ಐ-81 ಹೆದ್ದಾರಿ ಹಿಡಿಯುತ್ತೀರಿ. ಅಲ್ಲಿಂದ ವರ್ಜೀನಿಯಾದ ಉದ್ದಕ್ಕೂ ಮೇಲೆ ಹೋಗಿ, ಪೆನ್ಸಿಲ್ವೇನಿಯಾದಲ್ಲಿ ಐ-78ಕ್ಕೆ ತಿರುಗಿ, ಡೆಲವೇರ್ ನದಿ ದಾಟಿದರೆ ನ್ಯೂಜೆರ್ಸಿ. ಒಟ್ಟು ಎಂಟು ರಾಜ್ಯ. ಟೆಕ್ಸಸ್, ಅರ್ಕನ್ಸಾ, ಟೆನೆಸಿ, ವೆಸ್ಟ್ ವರ್ಜೀನಿಯಾ ಈ ನಾಲ್ಕೂ 21 ದಾಟಿದವರಿಗೆ ಪರ್ಮಿಟ್ ಇಲ್ಲದೆಯೇ ಗನ್ ಹೊತ್ತು ಓಡಾಡಲು ಬಿಡುವ ರಾಜ್ಯಗಳು. ಟೆಕ್ಸಸ್‌ನಲ್ಲಿ ಇದು ಬಂದಿದ್ದು 2021ರ ಸೆಪ್ಟೆಂಬರ್‌ನಲ್ಲಿ. 2024ರ ಹೊತ್ತಿಗೆ ಇಂಥ ರಾಜ್ಯಗಳು 29 ಆಗಿದ್ದವು. ಅಂದರೆ ಮೊದಲ ದಿನವೆಲ್ಲ ನಿಮಗೆ ತೊಂದರೆ ಕಾಣುವುದಿಲ್ಲ. ಅಲ್ಲೇ ಜನ ಮೈಮರೆಯುತ್ತಾರೆ.

ವೆಸ್ಟ್ ವರ್ಜೀನಿಯಾ ಮುಗಿದ ಮೇಲೆ ಪೊಟೋಮ್ಯಾಕ್ ನದಿಯ ಸೇತುವೆ ಬರುತ್ತದೆ. ಆಚೆ ದಡ ಮೇರಿಲ್ಯಾಂಡ್. ಐ-81 ಮೇರಿಲ್ಯಾಂಡಿನಲ್ಲಿ ಇರುವುದು ಬರೀ 12 ಮೈಲಿ. ಹೇಗರ್ಸ್‌ಟೌನ್ ಬೋರ್ಡು ಕಾಣುತ್ತದೆ, ಮಕ್ಕಳು ಒಂದು ಚಿಪ್ಸ್ ಪ್ಯಾಕೆಟ್ ಮುಗಿಸುವಷ್ಟರಲ್ಲಿ ಪೆನ್ಸಿಲ್ವೇನಿಯಾ ಬಂದಿರುತ್ತದೆ. ಆದರೆ ಮೇರಿಲ್ಯಾಂಡ್ ಹೊರಗಿನ ಯಾವ ರಾಜ್ಯದ ಪರ್ಮಿಟನ್ನೂ ಒಪ್ಪುವುದಿಲ್ಲ. ಆ ಕಾಲು ಗಂಟೆ ಸೊಂಟದಲ್ಲಿ ತುಂಬಿದ ಪಿಸ್ತೂಲು ಇದ್ದರೆ ನೀವು ಪರ್ಮಿಟ್ ಇಲ್ಲದೆ ಗನ್ ಹೊತ್ತವರೇ. ಹಿಂದಿನ ಟೈಲ್ ಲೈಟ್ ಒಂದು ಕೆಟ್ಟಿದ್ದರೆ ಸಾಕು, ಪೊಲೀಸರು ನಿಲ್ಲಿಸುತ್ತಾರೆ.

ಇನ್ನು ನ್ಯೂಜೆರ್ಸಿ. ಅದೂ ಹೊರಗಿನ ಪರ್ಮಿಟ್ ಒಪ್ಪುವುದಿಲ್ಲ. ಅಲ್ಲಿ ಪರ್ಮಿಟ್ ಇಲ್ಲದೆ ಹ್ಯಾಂಡ್‌ಗನ್ ಇಟ್ಟುಕೊಳ್ಳುವುದು ಎರಡನೇ ದರ್ಜೆಯ ಅಪರಾಧ. ಶಿಕ್ಷೆ ಐದರಿಂದ ಹತ್ತು ವರ್ಷ. ಅದರಲ್ಲಿ ಕನಿಷ್ಠ 42 ತಿಂಗಳು, ಅಂದರೆ ಮೂರೂವರೆ ವರ್ಷ, ಪೆರೋಲ್ ಇಲ್ಲದೆ ಒಳಗಿರಬೇಕು ಅನ್ನುತ್ತದೆ ಗ್ರೇವ್ಸ್ ಆ್ಯಕ್ಟ್. "ಬೇರೆ ರಾಜ್ಯದಲ್ಲಿ ಲೈಸೆನ್ಸ್ ಇತ್ತು, ಗೊತ್ತಾಗಲಿಲ್ಲ ಸ್ವಾಮಿ" ಅಂದರೆ ಕೇಸು ಬಿದ್ದುಹೋಗುವುದಿಲ್ಲ.

ಇದು ನಡೆದ ಮಾತು. 2013ರ ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾದ ಒಬ್ಬ ಯುವತಿ ನದಿ ದಾಟಿ ನ್ಯೂಜೆರ್ಸಿಗೆ ಬಂದರು. ಇಬ್ಬರು ಮಕ್ಕಳ ತಾಯಿ. ಹಿಂದೆ ಎರಡು ಸಲ ಕಳ್ಳರ ಕೈಗೆ ಸಿಕ್ಕಿದ್ದರಿಂದ ಗನ್ ಕೊಂಡಿದ್ದರು, ಪೆನ್ಸಿಲ್ವೇನಿಯಾದ ಪರ್ಮಿಟ್ ತೆಗೆದುಕೊಂಡಿದ್ದರು. ನಡುರಾತ್ರಿ ಲೇನ್ ಬದಲಿಸಿದ್ದು ಸರಿಯಿಲ್ಲ ಅಂತ ಪೊಲೀಸರು ನಿಲ್ಲಿಸಿದರು. ಆಕೆ ತಾವಾಗಿಯೇ "ನನ್ನ ಹತ್ತಿರ ಗನ್ ಇದೆ, ಪರ್ಮಿಟ್ ಇದೆ" ಅಂದರು. ಹಾಗೆ ಹೇಳಬೇಕು ಅಂತಲೇ ಅವರಿಗೆ ಗೊತ್ತಿದ್ದದ್ದು. ಅಲ್ಲೇ ಬಂಧನವಾಯಿತು. ನಲವತ್ತಕ್ಕೂ ಹೆಚ್ಚು ದಿನ ಜೈಲಿನಲ್ಲಿದ್ದರು. ಮೂರೂವರೆ ವರ್ಷದ ಕಡ್ಡಾಯ ಶಿಕ್ಷೆ ತಲೆಯ ಮೇಲೆ ತೂಗುತ್ತಿತ್ತು. ದೇಶವೆಲ್ಲ ಸುದ್ದಿಯಾದ ಮೇಲೆ 2014ರಲ್ಲಿ ಪ್ರಾಸಿಕ್ಯೂಟರ್ ಮೆತ್ತಗಾದರು. 2015ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ಕೊಟ್ಟರು. ಒಂದೂವರೆ ವರ್ಷ ಆ ತಾಯಿ ಹೇಗೆ ಕಳೆದಿರಬೇಕು, ಮಕ್ಕಳು ಹೇಗಿದ್ದಿರಬೇಕು, ಯೋಚಿಸಿ. ಈ ಕಥೆ ಹೇಳುವಾಗ ನನ್ನ ತರಗತಿ ಪ್ರತಿ ಸಲವೂ ಮೌನವಾಗುತ್ತದೆ. ಆಕೆ ಯಾರಿಗೂ ಕೆಡುಕು ಮಾಡಿರಲಿಲ್ಲ, ಸುಳ್ಳು ಹೇಳಿರಲಿಲ್ಲ. ಸೇತುವೆ ದಾಟಿದ್ದರು, ಅಷ್ಟೇ.

ಸರಿ, ಸ್ನೇಹಿತರು ಹೇಳಿದ ಫೆಡರಲ್ ಕಾನೂನಿಗೆ ಬರೋಣ. ಅದು 1986ರ ಫೈರ್‌ಆರ್ಮ್ಸ್ ಓನರ್ಸ್ ಪ್ರೊಟೆಕ್ಷನ್ ಆ್ಯಕ್ಟ್. ಎಲ್ಲರೂ ಚಿಕ್ಕದಾಗಿ ಫೋಪಾ ಅನ್ನುತ್ತಾರೆ. ಅದು ಹೇಳುವುದಿಷ್ಟು. ಗನ್ ಇಟ್ಟುಕೊಳ್ಳಲು, ಒಯ್ಯಲು ನಿಮಗೆ ಹಕ್ಕಿರುವ ಜಾಗದಿಂದ, ಅದೇ ಹಕ್ಕಿರುವ ಇನ್ನೊಂದು ಜಾಗಕ್ಕೆ ಹೋಗುವಾಗ, ನಡುವಿನ ರಾಜ್ಯದ ಕಾನೂನು ಏನೇ ಇದ್ದರೂ ಗನ್ ಸಾಗಿಸಬಹುದು. ಗನ್ ಖಾಲಿ ಇರಬೇಕು. ಗನ್ನೂ ಗುಂಡೂ ಕೂತ ಜಾಗದಿಂದ ಕೈಗೆ ಸಿಗುವಂತಿರಬಾರದು. ಬೇರೆ ಟ್ರಂಕ್ ಇಲ್ಲದ ಗಾಡಿಯಾದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು. ಗ್ಲವ್ ಬಾಕ್ಸ್, ಸೀಟಿನ ನಡುವಿನ ಕನ್ಸೋಲ್ ಲೆಕ್ಕಕ್ಕಿಲ್ಲ, ಬೀಗ ಹಾಕಿದ್ದರೂ ಇಲ್ಲ. ನಿಮ್ಮದು ಮಿನಿವ್ಯಾನ್ ಅಲ್ವಾ? ಅದರಲ್ಲಿ ಹಿಂದಿನ ಸೀಟಿನಿಂದ ಕೈಚಾಚಿದರೆ ಲಗೇಜು ಸಿಗುತ್ತದೆ. ಹಾಗಾಗಿ ಗಟ್ಟಿ ಪೆಟ್ಟಿಗೆ, ಬೀಗ ಎರಡೂ ಬೇಕೇ ಬೇಕು.

ಜನ ಓದದೆ ಬಿಡುವುದು ಆ "ಇನ್ನೊಂದು ಜಾಗ" ಅನ್ನುವ ಮಾತನ್ನು. ಹೊರಟ ಜಾಗದಲ್ಲಿ ಹಕ್ಕಿದ್ದರೆ ಸಾಲದು, ತಲುಪುವ ಜಾಗದಲ್ಲೂ ಇರಬೇಕು. ನೀವು ಮೇರಿಲ್ಯಾಂಡ್, ನ್ಯೂಜೆರ್ಸಿ, ನ್ಯೂಯಾರ್ಕ್ ಹಾದು ವರ್ಮಾಂಟ್‌ಗೆ ಹೋಗುವವರಾದರೆ ಫೋಪಾ ನಿಮ್ಮ ಕೈ ಹಿಡಿಯುತ್ತಿತ್ತು. ವರ್ಮಾಂಟ್‌ನಲ್ಲಿ ಪರ್ಮಿಟ್ ಅನ್ನುವುದೇ ಇಲ್ಲ. ಆದರೆ ನೀವು ಇಳಿಯುವುದು ಎಡಿಸನ್‌ನಲ್ಲಿ. ನ್ಯೂಜೆರ್ಸಿಯಲ್ಲಿ ಮನೆಯವರು ತಮ್ಮ ಸ್ವಂತ ಮನೆಯೊಳಗೆ ಗನ್ ಇಟ್ಟುಕೊಳ್ಳಲು ವಿನಾಯಿತಿ ಇದೆ. ಅದು ಅಕ್ಕನ ಮನೆ, ನಿಮ್ಮದಲ್ಲ. ನೀವು ನೆಂಟರು. ನದಿ ದಾಟಿದ ಕ್ಷಣಕ್ಕೆ ನಿಮ್ಮ ಪಾಲಿಗೆ ಫೋಪಾ ಮುಗಿಯಿತು.

ಹಾದು ಹೋಗುವವರಿಗೂ ಅದು ಬಹಳ ತೆಳುವಾದ ಕೊಡೆ. 2005ರಲ್ಲಿ ಯೂಟಾದ ಒಬ್ಬರು ಸಾಲ್ಟ್ ಲೇಕ್ ಸಿಟಿಯಿಂದ ಪೆನ್ಸಿಲ್ವೇನಿಯಾದ ಅಲೆಂಟೌನ್‌ಗೆ ವಿಮಾನದಲ್ಲಿ ಹೊರಟಿದ್ದರು. ನ್ಯೂಜೆರ್ಸಿಯ ನೆವಾರ್ಕ್‌ನಲ್ಲಿ ವಿಮಾನ ಬದಲಿಸಬೇಕಿತ್ತು. ಮುಂದಿನ ವಿಮಾನ ತಪ್ಪಿತು. ಬಸ್ಸಿನ ವ್ಯವಸ್ಥೆಯಾಯಿತು, ಆದರೆ ಬ್ಯಾಗು ಬಸ್ಸಿಗೆ ಬರಲಿಲ್ಲ. ಬ್ಯಾಗು ಹುಡುಕಿ ತರುವಷ್ಟರಲ್ಲಿ ಬಸ್ಸೂ ಹೋಯಿತು. ಪಾಪ, ಬ್ಯಾಗು ತೆಗೆದುಕೊಂಡು ಪಕ್ಕದ ಹೋಟೆಲ್‌ನಲ್ಲಿ ರಾತ್ರಿ ಕಳೆದರು. ಬ್ಯಾಗಿನೊಳಗೆ ಬೀಗ ಹಾಕಿದ ಪೆಟ್ಟಿಗೆ, ಅದರಲ್ಲಿ ಖಾಲಿ ಗನ್. ಬೆಳಿಗ್ಗೆ ಕೌಂಟರಿನಲ್ಲಿ ನಿಯಮದ ಪ್ರಕಾರ ಗನ್ ಇದೆ ಅಂತ ಹೇಳಿದರು. ಬಂಧನ, ಕೆಲವು ದಿನ ಜೈಲು. ಕೇಸು ಕೈಬಿಟ್ಟರು. ಆಮೇಲೆ ಅವರು ಪರಿಹಾರ ಕೇಳಿ ಕೋರ್ಟಿಗೆ ಹೋದಾಗ, 2010ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಫೋಪಾ ರಕ್ಷಣೆ ಇವರಿಗಿಲ್ಲ ಅಂದಿತು. ಹೋಟೆಲಿನಲ್ಲಿ ಬ್ಯಾಗು ಅವರ ಕೈಗೆ ಸಿಗುವಂತಿತ್ತು ಅನ್ನುವುದೇ ಕಾರಣ. ಪೆಟ್ರೋಲಿಗೆ ನಿಲ್ಲುವುದು ಬೇರೆ, ರಾತ್ರಿ ತಂಗುವುದು ಬೇರೆ. ಹಾಗಾಗಿ ಗನ್ ಒಪ್ಪದ ರಾಜ್ಯದಲ್ಲಿ ಮೋಟೆಲ್ ಹಿಡಿಯಲೇಬಾರದು. ಗಾಡಿ ಓಡಿಸಿಕೊಂಡು ಆಚೆ ಹೋಗಿ ಮಲಗಬೇಕು.

ಗುಂಡುಗಳಿಗೂ ಬೇರೆ ನಿಯಮವಿದೆ. ನ್ಯೂಜೆರ್ಸಿಯಲ್ಲಿ ಹತ್ತಕ್ಕಿಂತ ಜಾಸ್ತಿ ಗುಂಡು ಹಿಡಿಯುವ ಮ್ಯಾಗಜೀನ್ ಕೂಡದು. ಟೆಕ್ಸಸ್ ಅಂಗಡಿಯಲ್ಲಿ ಪಿಸ್ತೂಲಿನ ಜೊತೆ ಬರುವ ಹದಿನೈದು ಹದಿನೇಳು ಗುಂಡಿನ ಮ್ಯಾಗಜೀನ್ ಅಲ್ಲಿ ಇನ್ನೊಂದು ಕೇಸು. ಇಲ್ಲಿ ನಾವು ಸಾಮಾನ್ಯವಾಗಿ ತುಂಬುವ ಹಾಲೋ ಪಾಯಿಂಟ್ ಗುಂಡಿಗೂ (ತುದಿ ಟೊಳ್ಳಾಗಿರುವ ಗುಂಡು) ಅಲ್ಲಿ ನಿರ್ಬಂಧವಿದೆ.

ಈಗ ನನಗೆ ನಿಜವಾಗಿ ಚಿಂತೆ ಹತ್ತಿಸಿದ ವಿಷಯ. ನೀವು ಗ್ರೀನ್ ಕಾರ್ಡಿನವರು. ಗನ್ ಕೊಳ್ಳಲು, ಲೈಸೆನ್ಸ್ ಪಡೆಯಲು ಅದೇನೂ ಅಡ್ಡಿಯಲ್ಲ. ಆದರೆ ಸಿಕ್ಕಿಬಿದ್ದರೆ ಸಿಟಿಜನ್ ಆದವರಿಗೂ ನಿಮಗೂ ದೊಡ್ಡ ವ್ಯತ್ಯಾಸವಿದೆ. ಅಮೆರಿಕದ ವಲಸೆ ಕಾನೂನು ಗನ್ನಿನ ಅಪರಾಧಗಳನ್ನು ಪ್ರತ್ಯೇಕವಾಗಿ ಹೆಸರಿಸಿದೆ. ಕಾನೂನಿಗೆ ವಿರುದ್ಧವಾಗಿ ಗನ್ ಇಟ್ಟುಕೊಂಡಿದ್ದಕ್ಕೆ ಅಥವಾ ಹೊತ್ತುಕೊಂಡಿದ್ದಕ್ಕೆ ತೀರ್ಪು ಬಂದರೆ ಗ್ರೀನ್ ಕಾರ್ಡ್ ಇದ್ದವರನ್ನೂ ದೇಶದಿಂದ ಕಳಿಸಬಹುದು. ಅಪರಾಧ ಎಷ್ಟು ಹಳೆಯದು, ನೀವು ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು ಅನ್ನುವುದನ್ನು ಆ ಸೆಕ್ಷನ್ ನೋಡುವುದಿಲ್ಲ. ಸಿಟಿಜನ್‌ಶಿಪ್ ಅರ್ಜಿಗೂ ಏಟು. ಸಾಲ ಮಾಡಿ ಕೊಂಡ ಮನೆ, ಇಲ್ಲೇ ಹುಟ್ಟಿದ ಮಕ್ಕಳು, ಎಷ್ಟೋ ವರ್ಷ ಕಾದು ಬಂದ ಆ ಕಾರ್ಡು, ಇಷ್ಟನ್ನೂ ಗೃಹಪ್ರವೇಶದ ಪ್ರಯಾಣಕ್ಕೆ ಪಣ ಇಡುವುದಾ? ಬೇಡ.

ಇಂಥ ಕೇಸು ಬಂದೇ ಬಂತು ಅಂತಿಟ್ಟುಕೊಳ್ಳಿ. ಕ್ರಿಮಿನಲ್ ವಕೀಲರು "ಸಣ್ಣ ತಪ್ಪು ಅಂತ ಒಪ್ಪಿಕೊಂಡುಬಿಡಿ, ಜೈಲು ತಪ್ಪುತ್ತದೆ" ಅನ್ನಬಹುದು. ಸಹಿ ಹಾಕುವ ಮೊದಲು ವಲಸೆ ವಕೀಲರಿಗೆ ತೋರಿಸಿ. ತಪ್ಪೊಪ್ಪಿಗೆಯಿಂದ ಗಡೀಪಾರಾಗುವ ಅಪಾಯವಿದ್ದರೆ ವಕೀಲರು ಅದನ್ನು ಕಕ್ಷಿದಾರರಿಗೆ ಹೇಳಲೇಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲಿ, ಪಡಿಲ್ಲಾ ಕೇಸಿನಲ್ಲಿ, ಹೇಳಿದೆ. ನೀವು ಕೇಳಿ ತಿಳಿದುಕೊಳ್ಳುವ ಹಕ್ಕು ಅದು.

ಬಾಮೈದನ ವಿಷಯ ಇನ್ನೂ ಸೂಕ್ಷ್ಮ. ಎಚ್‌1ಬಿ, ಎಲ್‌1 ಥರದ ಕೆಲಸದ ವೀಸಾ, ಅವರ ಮನೆಯವರ ಎಚ್‌4, ವಿದ್ಯಾರ್ಥಿ ವೀಸಾ, ಪ್ರವಾಸಿ ವೀಸಾ, ಇವುಗಳಲ್ಲಿ ಬಂದವರು ಗನ್ ಅಥವಾ ಗುಂಡು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನೇ ನಿಷೇಧಿಸಿದೆ. ಯಾವ ರಾಜ್ಯದಲ್ಲಿದ್ದರೂ ಅಷ್ಟೇ, ಟೆಕ್ಸಸ್‌ನಲ್ಲೂ ಅಷ್ಟೇ. ಒಪ್ಪಿತ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಇನ್ನೂ ಒಂದೆರಡು ಸಣ್ಣ ವಿನಾಯಿತಿಗಳಿವೆ. ನಿಮ್ಮ ಬಾಮೈದನಿಗೆ ಅದ್ಯಾವುದೂ ಇರಲಾರದು. 2022ರ ತಿದ್ದುಪಡಿಯ ನಂತರ ಇದಕ್ಕೆ ಶಿಕ್ಷೆ 15 ವರ್ಷದವರೆಗೆ ಹೋಗಬಹುದು. ಇಟ್ಟುಕೊಳ್ಳುವುದು ಅಂದರೆ ಕೈಯಲ್ಲಿ ಹಿಡಿದಿರಬೇಕು ಅಂತೇನಿಲ್ಲ. ವಸ್ತು ಇದೆ ಅಂತ ಗೊತ್ತಿದ್ದು, ಅದು ತನ್ನ ಹತೋಟಿಯಲ್ಲಿದ್ದರೂ ಸಾಕು. ಬೆಳಗಿನ ಮೂರು ಗಂಟೆಗೆ ನೀವು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದೀರಿ, ಅವನು ಗಾಡಿ ಓಡಿಸುತ್ತಿದ್ದಾನೆ, ಪೆಟ್ಟಿಗೆಯ ಬೀಗದ ಕೈ ಗಾಡಿಯ ಕೀ ಗೊಂಚಲಿನಲ್ಲೇ ತೂಗಾಡುತ್ತಿದೆ. ಆ ಗನ್ ಯಾರ ಹತೋಟಿಯಲ್ಲಿತ್ತು ಅಂತ ವಾದ ಮಾಡುವ ಸ್ಥಿತಿಗೆ ಅವನನ್ನು ತಳ್ಳಬೇಡಿ.

ಇದೇ ಕಾರಣಕ್ಕೆ ಇನ್ನೊಂದು ಮಾತು. ಊರಿಂದ ಅಪ್ಪ ಅಮ್ಮ ಬಂದಾಗ "ಬನ್ನಿ ಅಪ್ಪಾಜಿ, ಒಂದು ಸಲ ಶೂಟ್ ಮಾಡಿ ನೋಡಿ" ಅಂತ ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜ್‌ಗೆ ಕರೆದುಕೊಂಡು ಹೋಗಿ ಫೋಟೋ ತೆಗೆಸುವವರಿದ್ದಾರೆ. ಪ್ರವಾಸಿ ವೀಸಾದಲ್ಲಿ ಬಂದ ಅಪ್ಪ ಬಾಡಿಗೆ ಗನ್ ಕೈಗೆತ್ತಿಕೊಂಡರೂ ಅದು ಇಟ್ಟುಕೊಂಡ ಹಾಗೇ. ಪ್ರೀತಿಯಿಂದ ಮಾಡುವ ಕೆಲಸ, ನನಗೆ ಅರ್ಥವಾಗುತ್ತದೆ. ಆದರೂ ಮಾಡಬೇಡಿ. ಆ ಫೋಟೋವೇ ಸಾಕ್ಷಿಯಾಗುತ್ತದೆ.

ಇಷ್ಟು ಕೇಳಿ, ಇನ್ನು ಯಾವ ರಾಜ್ಯಕ್ಕೂ ಗನ್ ಒಯ್ಯಬಾರದಾ ಅನ್ನಬೇಡಿ. ಒಯ್ಯಬಹುದು. ಗನ್ ಒಪ್ಪುವ ರಾಜ್ಯಗಳಿಗೆ ಹೋಗುವಾಗ, ಬಾಮೈದ ಜೊತೆಗಿಲ್ಲದಾಗ, ಮುಂದೆಂದಾದರೂ ಹೊರಟರೆ ಏನೇನು ನೋಡಬೇಕು ಅಂತ ಹೇಳುತ್ತೇನೆ.

ರಾಜ್ಯದ ಅಟಾರ್ನಿ ಜನರಲ್ ಅಥವಾ ಸ್ಟೇಟ್ ಪೊಲೀಸರ ಅಧಿಕೃತ ಪುಟದಲ್ಲಿ ಯಾವ ಪರ್ಮಿಟ್ ಒಪ್ಪುತ್ತೇವೆ ಅನ್ನುವ ಪಟ್ಟಿ ಇರುತ್ತದೆ. ಹೊರಡುವ ವಾರದಲ್ಲೇ ನೋಡಿ, ಹೋದ ವರ್ಷ ನೋಡಿದ್ದು ಸಾಲದು. 2015ರ ಡಿಸೆಂಬರ್‌ನಲ್ಲಿ ವರ್ಜೀನಿಯಾ ಒಂದೇ ಏಟಿಗೆ 25 ರಾಜ್ಯಗಳ ಪರ್ಮಿಟ್ ಒಪ್ಪುವುದನ್ನು ನಿಲ್ಲಿಸುತ್ತೇವೆ ಅಂತ ಪ್ರಕಟಿಸಿತು. ಮುಂದಿನ ತಿಂಗಳೇ ರಾಜಿಯಾಗಿ ಅದು ತಿರುಗುಮುರುಗಾಯಿತು. ಪಟ್ಟಿ ಓದುವಾಗ ಇನ್ನೊಂದು ಗಮನಿಸಿ. ಮಿಶಿಗನ್, ಕೊಲರಾಡೊದಂಥ ರಾಜ್ಯಗಳು ನೀವು ವಾಸ ಮಾಡುವ ರಾಜ್ಯವೇ ಕೊಟ್ಟ ಪರ್ಮಿಟ್ ಆದರೆ ಮಾತ್ರ ಒಪ್ಪುತ್ತವೆ. ದುಡ್ಡು ಕಟ್ಟಿ ಯೂಟಾದ ಹೊರರಾಜ್ಯದವರ ಪರ್ಮಿಟ್ ತೆಗೆದುಕೊಂಡು ಎಲ್ಲ ಕಡೆ ನಡೆಯುತ್ತದೆ ಅಂದುಕೊಂಡವರು ಅಲ್ಲಿ ಎಡವುತ್ತಾರೆ.

"ಪರ್ಮಿಟ್ ಬೇಡದ ರಾಜ್ಯ ತಾನೇ, ಇನ್ನು ಪರ್ಮಿಟ್ ಯಾಕೆ" ಅನ್ನುವವರಿಗೆ ನಾನು ಶಾಲೆಗಳ ಕಾನೂನು ತೋರಿಸುತ್ತೇನೆ. ಶಾಲೆಯಿಂದ 1,000 ಅಡಿ ಒಳಗೆ ಗನ್ ಇರಬಾರದು ಅನ್ನುವುದು ಫೆಡರಲ್ ಕಾನೂನು. ಆ ಶಾಲೆ ಇರುವ ರಾಜ್ಯವೇ ನಿಮಗೆ ಪರ್ಮಿಟ್ ಕೊಟ್ಟಿದ್ದರೆ ವಿನಾಯಿತಿ. ಖಾಲಿ ಮಾಡಿ ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟಿದ್ದರೂ ಸರಿ. ಆದರೆ ಪರ್ಮಿಟ್ ಇಲ್ಲದೆ ಸೊಂಟದಲ್ಲಿಟ್ಟುಕೊಂಡು ಬಂದ ಹೊರಗಿನವರಿಗೆ ಆ ವಿನಾಯಿತಿ ಇಲ್ಲ. ಹೊರಗಿನ ಪರ್ಮಿಟನ್ನು ಆ ರಾಜ್ಯ ಒಪ್ಪಿದರೂ ಇದಕ್ಕೆ ಸಾಲದು ಅನ್ನುವುದೇ ಕೇಂದ್ರದ ಶಸ್ತ್ರಾಸ್ತ್ರ ಇಲಾಖೆ ಎಟಿಎಫ್ ಓದುವ ರೀತಿ. ಸಣ್ಣ ಊರಿನ ಮುಖ್ಯ ರಸ್ತೆಯಲ್ಲಿ ಹೋಗುವಾಗ ಎಷ್ಟು ಶಾಲೆ ದಾಟುತ್ತೇವೆ ಅಂತ ಲೆಕ್ಕ ಹಾಕಿ ನೋಡಿ.

ನ್ಯಾಷನಲ್ ಪಾರ್ಕ್‌ಗಳ ಬಗ್ಗೆ ತುಂಬ ಜನ ಕೇಳುತ್ತಾರೆ. 2010ರ ಫೆಬ್ರವರಿಯಿಂದ ಪಾರ್ಕಿನೊಳಗೆ ಆಯಾ ರಾಜ್ಯದ ಗನ್ ಕಾನೂನೇ ನಡೆಯುತ್ತದೆ. ಗ್ರೇಟ್ ಸ್ಮೋಕಿ ಮೌಂಟನ್ಸ್‌ಗೆ ಹೋಗಿದ್ದೀರಾ? ನ್ಯೂಫೌಂಡ್ ಗ್ಯಾಪ್‌ನಲ್ಲಿ ಗಾಡಿ ನಿಲ್ಲಿಸಿ ಫೋಟೋ ತೆಗೆಯುವ ಜಾಗದಲ್ಲೇ ಟೆನೆಸಿ, ನಾರ್ತ್ ಕೆರೊಲಿನಾ ಗಡಿ ಇದೆ. ಈ ಕಡೆ ಟೆನೆಸಿಯ ಕಾನೂನು, ನಾಲ್ಕು ಹೆಜ್ಜೆ ಆಚೆ ನಾರ್ತ್ ಕೆರೊಲಿನಾದ್ದು. ಮುಚ್ಚಿಟ್ಟ ಗನ್ ಹೊತ್ತವರು ಪೊಲೀಸರು ಮಾತಾಡಿಸಿದ ಕೂಡಲೇ ತಾವಾಗಿಯೇ ಹೇಳಬೇಕು ಅನ್ನುವುದು ನಾರ್ತ್ ಕೆರೊಲಿನಾದ ನಿಯಮ. ಅದೇ ಪಾರ್ಕಿನ ವಿಸಿಟರ್ ಸೆಂಟರ್ ಒಳಗೆ ಹೋದರೆ ಅದು ಫೆಡರಲ್ ಕಟ್ಟಡ. ಅಲ್ಲಿ ಎರಡೂ ಕಡೆಯವರಿಗೂ ಗನ್ ನಿಷೇಧ. ಬಾತ್‌ರೂಮಿಗೆ ಅಂತ ಒಳಗೆ ಹೋದರೂ ಅಷ್ಟೇ. ಬಾಗಿಲಲ್ಲಿ ಬೋರ್ಡ್ ಇರುತ್ತದೆ, ನೋಡಿ ಒಳಗೆ ಕಾಲಿಡಿ.

ಬೋರ್ಡುಗಳೂ ರಾಜ್ಯಕ್ಕೊಂದು ಥರ. ಮುಚ್ಚಿಟ್ಟ ಗನ್ ಹೊತ್ತು ಒಳಗೆ ಬರಬೇಡಿ ಅನ್ನುವ ಟೆಕ್ಸಸ್‌ನ 30.06 ಬೋರ್ಡು ನಿಮಗೆ ಗೊತ್ತು. ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಒಂದಿಂಚು ಎತ್ತರದ ಅಕ್ಷರ ಇರಬೇಕು ಅಂತ ಕಾನೂನೇ ಅಳತೆ ಕೊಟ್ಟಿದೆ. ಅದನ್ನೇ ಕಣ್ಣಲ್ಲಿಟ್ಟುಕೊಂಡು ಬೇರೆ ರಾಜ್ಯದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಲ್ಲಿ ಗನ್ ಚಿತ್ರದ ಮೇಲೆ ಕೆಂಪು ಗೆರೆ ಎಳೆದ ಸಣ್ಣ ಸ್ಟಿಕರ್ ಇರಬಹುದು. ಕೆಲವು ರಾಜ್ಯದಲ್ಲಿ ಆ ಸ್ಟಿಕರ್ ಮೀರಿದರೆ ಅಪರಾಧ, ಕೆಲವು ಕಡೆ ಹೊರಗೆ ಹೋಗಿ ಅಂದಾಗ ಹೋಗದಿದ್ದರೆ ಮಾತ್ರ ಅಪರಾಧ. ಆ ವ್ಯತ್ಯಾಸ ಲೆಕ್ಕ ಹಾಕುತ್ತ ನಿಲ್ಲಬೇಡಿ, ಚಿತ್ರ ಕಂಡರೆ ಗೌರವಿಸಿ ಹೊರಗೇ ಉಳಿಯಿರಿ.

ಪೊಲೀಸರು ನಿಲ್ಲಿಸಿದರೆ ಒಳಗಿನ ಲೈಟು ಹಾಕಿ, ಎರಡೂ ಕೈ ಸ್ಟೀರಿಂಗ್ ಮೇಲಿರಲಿ. ಅವರು ಬರುವ ಮೊದಲೇ ಪೇಪರ್ ಹುಡುಕಲು ಬಗ್ಗಬೇಡಿ. "ಗನ್" ಅಂತ ಮಾತು ಶುರು ಮಾಡಬೇಡಿ. "ಆಫೀಸರ್, ನನಗೆ ಹ್ಯಾಂಡ್‌ಗನ್ ಲೈಸೆನ್ಸ್ ಇದೆ, ಈಗ ಜೊತೆಯಲ್ಲಿದೆ, ಏನು ಮಾಡಬೇಕು ಹೇಳಿ" ಅಂತ ನಿಧಾನವಾಗಿ ಹೇಳಿ. ಅವರು ಹೇಳುವವರೆಗೆ ಕೈ ಅಲ್ಲೇ ಇರಲಿ. ಹೆಂಡತಿಗೂ ಮಕ್ಕಳಿಗೂ ಇದನ್ನು ಮನೆಯಲ್ಲೇ ಹೇಳಿಕೊಡಿ. ಅಪ್ಪನ ಸೊಂಟದತ್ತ ಬೆರಳು ತೋರಿಸಿ ಮಗು ಕೂಗಿದರೆ ಕೆಲಸ ಕೆಡುತ್ತದೆ.

ದಾರಿಯಲ್ಲಿ ಪೆಟ್ಟಿಗೆಗೆ ಹಾಕಬೇಕಾಗಿ ಬಂದರೆ ಗ್ಯಾಸ್ ಸ್ಟೇಷನ್ನಿನ ನಟ್ಟನಡುವೆ ಪಿಸ್ತೂಲು ಹೊರತೆಗೆದು ಖಾಲಿ ಮಾಡುವುದು ಬೇಡ. ನೋಡಿದವರು 911ಕ್ಕೆ ಫೋನ್ ಮಾಡುತ್ತಾರೆ. ಬೆಳಿಗ್ಗೆ ಮೋಟೆಲ್ ಕೋಣೆಯಲ್ಲೇ ಬಾಗಿಲು ಹಾಕಿಕೊಂಡು, ಮಕ್ಕಳನ್ನು ಹೊರಗೆ ಕಳಿಸಿ, ಆ ಕೆಲಸ ಮುಗಿಸಿ ಹೊರಡಿ.

ವಿಮಾನದಲ್ಲಿ ಹೋಗುವುದಾದರೆ ಖಾಲಿ ಗನ್ ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ, ಚೆಕ್-ಇನ್ ಬ್ಯಾಗಿನಲ್ಲಿ ಮಾತ್ರ. ಕೌಂಟರಿನಲ್ಲಿ ಹೇಳಲೇಬೇಕು. ನ್ಯೂಯಾರ್ಕ್, ನೆವಾರ್ಕ್ ಮೂಲಕ ವಿಮಾನ ಬದಲಿಸುವ ಟಿಕೆಟ್ ಕೊಳ್ಳಲೇಬೇಡಿ. ಯೂಟಾದವರ ಕಥೆ ಹೇಳಿದೆನಲ್ಲ. ಕೈಚೀಲದಲ್ಲಿ ಮರೆತು ಬರುವವರೂ ಕಡಿಮೆಯಿಲ್ಲ. 2023ರಲ್ಲಿ ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ 6,737 ಗನ್ ಸಿಕ್ಕವು, ಶೇಕಡ 93ರಷ್ಟರಲ್ಲಿ ಗುಂಡು ತುಂಬಿತ್ತು. ಅಟ್ಲಾಂಟಾ ಒಂದರಲ್ಲೇ 451.

"ಇದೆಲ್ಲ ಬದಲಾಗುತ್ತದಂತೆ" ಅಂತಲೂ ಕೆಲವರು ಹೇಳುತ್ತಾರೆ. 2022ರ ಜೂನ್‌ನಲ್ಲಿ ಬ್ರೂಯೆನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್, ವಿಶೇಷ ಕಾರಣ ತೋರಿಸಿದರೆ ಮಾತ್ರ ಪರ್ಮಿಟ್ ಕೊಡುತ್ತೇವೆ ಅನ್ನುವ ನ್ಯೂಯಾರ್ಕ್ ಪದ್ಧತಿಯನ್ನು ರದ್ದು ಮಾಡಿದ್ದು ನಿಜ. ಆದರೆ ಒಂದು ರಾಜ್ಯದ ಪರ್ಮಿಟ್ ಇನ್ನೊಂದು ಒಪ್ಪಬೇಕು ಅಂತ ಅದರಲ್ಲಿ ಹೇಳಿಲ್ಲ. ಎಲ್ಲ ರಾಜ್ಯಗಳೂ ಒಪ್ಪಬೇಕು ಅನ್ನುವ ಮಸೂದೆ 2017ರ ಡಿಸೆಂಬರ್‌ನಲ್ಲಿ ಕೆಳಮನೆಯಲ್ಲಿ 231–198 ಮತಗಳಿಂದ ಪಾಸಾಯಿತು, ಸೆನೆಟ್‌ನಲ್ಲಿ ಆಗಲಿಲ್ಲ. ಮುಂದೆ ಬರುವ ಕಾನೂನನ್ನು ನಂಬಿ ಇಂದು ಸೇತುವೆ ದಾಟಲಾಗುವುದಿಲ್ಲ. ನ್ಯೂಜೆರ್ಸಿ ಹೊರಗಿನವರಿಂದಲೂ ಪರ್ಮಿಟ್ ಅರ್ಜಿ ತೆಗೆದುಕೊಳ್ಳುತ್ತದೆ, ಸ್ಟೇಟ್ ಪೊಲೀಸರ ಮೂಲಕ. ಅಕ್ಕನ ಮನೆಗೆ ವರ್ಷಕ್ಕೆ ನಾಲ್ಕು ಸಲ ಹೋಗುವವರಾದರೆ ಅದನ್ನು ಯೋಚಿಸಬಹುದು. ಮುಂದಿನ ತಿಂಗಳಿಗೆ ಅದು ಆಗುವ ಕೆಲಸವಲ್ಲ.

ರಾತ್ರಿ ಪ್ರಯಾಣದ ಭಯ ನನಗೂ ಗೊತ್ತು, ಅದನ್ನು ಸುಮ್ನೆ ತಳ್ಳಿಹಾಕುವುದಿಲ್ಲ. 1,500 ಮೈಲಿಯನ್ನು ಮೂರು ಹಗಲಿಗೆ ಹಂಚಿ. ಕೋಣೆಯ ಬಾಗಿಲು ಒಳಗಿನ ಕಾರಿಡಾರಿಗೆ ತೆರೆಯುವ ಹೋಟೆಲ್ ಹಿಡಿಯಿರಿ, ಪಾರ್ಕಿಂಗ್‌ಗೆ ತೆರೆಯುವುದು ಬೇಡ. ಕತ್ತಲಾಗುವ ಮೊದಲೇ ಪೆಟ್ರೋಲ್ ತುಂಬಿಸಿ. ಇಬ್ಬರು ಡ್ರೈವರ್‌ಗಳಿದ್ದೀರಿ, ಇದು ಕಷ್ಟವೇನಲ್ಲ.

ಹೊರಡುವ ಹಿಂದಿನ ದಿನ ಪಿಸ್ತೂಲು ಖಾಲಿ ಮಾಡಿ ಮನೆಯ ಸೇಫ್‌ನಲ್ಲಿಡಿ. ಸೇಫ್‌ನ ನಂಬರು ಬಾಮೈದನಿಗೆ ಗೊತ್ತಿರಬಾರದು. ಆಮೇಲೆ ಗಾಡಿ ಹುಡುಕಿ. ಗ್ಲವ್ ಬಾಕ್ಸ್, ಸೀಟಿನ ಕೆಳಗೆ, ಮಕ್ಕಳ ಸೀಟಿನ ಸಂದು ಎಲ್ಲ ನೋಡಿ. ರೇಂಜ್‌ಗೆ ಒಯ್ಯುವ ಬ್ಯಾಗಿನಲ್ಲಿ ಬಟ್ಟೆ ತುಂಬಿಸಬೇಡಿ. ಒಮ್ಮೆ ನನ್ನದೇ ಬ್ಯಾಗು ಗ್ಯಾರೇಜಿನ ಮೇಜಿನ ಮೇಲೆ ಕೊಡವಿದಾಗ ಒಳಗಿನ ಬಟ್ಟೆಯ ಹೊಲಿಗೆ ಬಿಚ್ಚಿದ ಜಾಗದಿಂದ ಒಂದು ಒಂಬತ್ತು ಎಂಎಂ ಗುಂಡು ಟಣ್ ಅಂತ ಬಿತ್ತು. ಎರಡು ದಿನ ಬಿಟ್ಟು ಅದೇ ಬ್ಯಾಗು ಹಿಡಿದು ಬೆಂಗಳೂರಿಗೆ ಹೊರಡುವವನಿದ್ದೆ. ಅಲ್ಲಿ ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಒಂದೇ ಒಂದು ಗುಂಡು ಕಂಡರೂ ಆರ್ಮ್ಸ್ ಆ್ಯಕ್ಟಿನ ಕೇಸು. ಗೊತ್ತಿಲ್ಲದೆ ಉಳಿದ ಗುಂಡು ಅಂತ ಮನವರಿಕೆಯಾದರೆ ಹೈಕೋರ್ಟುಗಳು ಇಂಥ ಕೇಸುಗಳನ್ನು ರದ್ದು ಮಾಡಿದ್ದುಂಟು. ಅಷ್ಟು ಹೊತ್ತಿಗೆ ರಜೆಯೂ ಮುಗಿದಿರುತ್ತದೆ, ವಾಪಸ್ ಟಿಕೆಟ್ಟೂ ಹೋಗಿರುತ್ತದೆ. ಅಂದಿನಿಂದ ರೇಂಜ್‌ಗೆ ಒಂದು ಕೆಂಪು ಬ್ಯಾಗು ಬೇರೆ ಇಟ್ಟಿದ್ದೇನೆ. ಅದು ಗ್ಯಾರೇಜ್ ಬಿಟ್ಟು ಮನೆಯೊಳಗೂ ಬರುವುದಿಲ್ಲ.